ಮಗು ಉಣ್ಣೋದು ಕಲಿಯುವಾಗ ಮನೆಯೆಲ್ಲ ಗಲೀಜು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ನಾಲ್ಕು ವರ್ಷ ತುಂಬಿದೆ, ಚಿಕ್ಕವನಿಗೆ ಈಗ ಹತ್ತು ತಿಂಗಳು. ಮೈಸೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆ, ಜೊತೆಗೆ ಅತ್ತೆ ಇದ್ದಾರೆ. ಹೊಸದಾಗಿ ಮಗುವಾದ ಗೆಳತಿಯರು, ನನ್ನ ತಂಗಿ, ಅಕ್ಕಪಕ್ಕದ ಮನೆಯವರು ಕೇಳೋದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿದ್ದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರ್ ಅಲ್ಲ. ಮಗುವಿನ ತೂಕ ಏರುತ್ತಿಲ್ಲ ಅಂದರೆ, ದಿನ ತುಂಬುವ ಮೊದಲೇ ಹುಟ್ಟಿದ ಮಗು ಆದರೆ ಮಕ್ಕಳ ಡಾಕ್ಟರನ್ನೇ ಕೇಳಿ.

ಗಲೀಜಾಗದ ಹಾಗೆ ಊಟ ಕಲಿಸೋಕೆ ಆಗಲ್ವಾ?

ಆಗೋದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಅರ್ಧ ಸುಸ್ತು ಕಡಿಮೆಯಾಗುತ್ತದೆ.

ಆರು ತಿಂಗಳ ತನಕ ಮಗುವಿಗೆ ಗೊತ್ತಿದ್ದದ್ದು ಹಾಲು ಚೀಪೋದು ಒಂದೇ. ಗಟ್ಟಿ ಪದಾರ್ಥ ಏನೇ ನಾಲಿಗೆಗೆ ತಾಗಿದರೂ ಆಚೆ ತಳ್ಳೋದು ಹುಟ್ಟಿನಿಂದ ಬಂದ ಗುಣ. ಉಸಿರು ಕಟ್ಟದಿರಲಿ ಅಂತ ದೇಹವೇ ಮಾಡಿಕೊಂಡ ಕಾವಲು ಅದು. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಅದು ಕಡಿಮೆಯಾಗುತ್ತದೆ, ಆದರೆ ಒಂದೇ ದಿನಕ್ಕೆ ಹೋಗೋದಿಲ್ಲ. ಹಾಗಾಗಿ ಕೊಟ್ಟ ತುತ್ತು ಗಲ್ಲದ ಮೇಲೆ ವಾಪಸ್ ಬರುತ್ತದೆ. ಮಗುವಿಗೆ ರುಚಿ ಹಿಡಿಸಲಿಲ್ಲ ಅಂತಲ್ಲ. ನಾಲಿಗೆಗೆ ಇನ್ನೂ ಒಳಗೆ ಎಳೆದುಕೊಳ್ಳೋದು ಗೊತ್ತಿಲ್ಲ, ಅಷ್ಟೇ.

ಕೈಯದೂ ಹಾಗೇ. ಆರು ತಿಂಗಳ ಮಗು ಇಡೀ ಅಂಗೈಯಲ್ಲಿ ಹಿಡಿಯುತ್ತದೆ. ಮುಷ್ಟಿ ಬಿಗಿದ ಮೇಲೆ ಒಳಗಿರೋದು ಬಾಯಿಗೆ ಸಿಗೋದಿಲ್ಲ, ಬೆರಳ ಸಂದಿಯಿಂದ ಹಿಸುಕಿಕೊಂಡು ಆಚೆ ಬರುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೊಂದೇ ಅಗುಳು ಎತ್ತೋದು ಬರೋದು ಸುಮಾರು ಒಂಬತ್ತು ತಿಂಗಳಿಗೆ.

ನನ್ನ ಮಗ ಮೊನ್ನೆ ಮೊಸರನ್ನದ ತಟ್ಟೆಯ ಮುಂದೆ ಕೂತಿದ್ದ. ಅಷ್ಟು ಅನ್ನ ಇದ್ದರೂ ಅವನಿಗೆ ಬೇಕಾಗಿದ್ದು ತಟ್ಟೆಯ ಅಂಚಿಗೆ ಅಂಟಿದ್ದ ಒಂದೇ ಒಂದು ಅಗುಳು. ಬೆರಳು ಹಾಕಿದ, ಜಾರಿತು. ಮತ್ತೆ ಹಾಕಿದ. ಮೊಣಕೈ ಪೂರ್ತಿ ಮೊಸರಾಯಿತು. ಐದನೆಯದೋ ಆರನೆಯದೋ ಸಲಕ್ಕೆ ಅಗುಳು ಎದ್ದು ಬಂತು. ಅದನ್ನು ಕಣ್ಣ ಮುಂದೆ ಹಿಡಿದು ನೋಡಿ, ಆಮೇಲೆ ಬಾಯಿಗಿಟ್ಟ. ನಡುವೆ ನಾನು ಕೈ ಒರೆಸಿದ್ದರೆ ಆ ಅಗುಳು ಅವನಿಗೆ ಸಿಗುತ್ತಿರಲಿಲ್ಲ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 16 ತಿಂಗಳ ಮಕ್ಕಳ ಮುಂದೆ ಗಂಜಿ, ಅಂಟು, ರಸದಂಥ ಪದಾರ್ಥಗಳನ್ನಿಟ್ಟು ನೋಡಿದ್ದಾರೆ. ಊಟದ ಕುರ್ಚಿಯಲ್ಲಿ ಕೂತು ಅದನ್ನೆಲ್ಲ ಮುಟ್ಟಿ, ಕಿವುಚಿ, ಚೆಲ್ಲಿದ ಮಕ್ಕಳೇ ಆ ಪದಾರ್ಥಗಳ ಹೆಸರನ್ನು ಚೆನ್ನಾಗಿ ಕಲಿತರಂತೆ. ನಮಗೆ ಗಲೀಜಾಗಿ ಕಾಣೋದು ಮಗುವಿಗೆ ಪಾಠ.

ಯಾವಾಗ ಶುರು ಮಾಡಬೇಕು? ಒಂದು ಸಲಕ್ಕೆ ಎಷ್ಟು?

ಆರು ತಿಂಗಳು ತುಂಬಿದ ಮೇಲೆ. ಅಲ್ಲಿಯ ತನಕ ಎದೆಹಾಲು ಸಾಕು, ನೀರೂ ಬೇಡ. ಆಮೇಲೂ ಎದೆಹಾಲು ಬಿಡಿಸಬೇಡಿ, ಎರಡು ವರ್ಷ ಮತ್ತು ಅದಕ್ಕೂ ಮೀರಿ ಕೊಡಬಹುದು. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಸಲ. ನಿಧಾನವಾಗಿ 250 ಮಿಲೀ ಬಟ್ಟಲಿನ ಅರ್ಧಕ್ಕೆ ಏರಿಸಿ. ಒಂಬತ್ತು ತಿಂಗಳಾದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ.

ಅನ್ನಪ್ರಾಶನದ ವಿಷಯ ತುಂಬ ಜನ ಕೇಳುತ್ತಾರೆ. ಹೆಣ್ಣುಮಗುವಿಗೆ ಐದನೇ ತಿಂಗಳಲ್ಲೇ ಮಾಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ನಮ್ಮ ಮಗಳಿಗೆ ಹೊರನಾಡು ಅನ್ನಪೂರ್ಣೇಶ್ವರಿ ದೇವಸ್ಥಾನದಲ್ಲಿ ಮಾಡಿಸಿದೆವು. ಪ್ರಸಾದವನ್ನು ತುಟಿಗೆ ಸೋಕಿಸಿ ಶಾಸ್ತ್ರ ಮುಗಿಸಿದೆವು, ಊಟ ಶುರು ಮಾಡಿದ್ದು ಆರು ತುಂಬಿದ ಮೇಲೇ. ಜೇನುತುಪ್ಪ ಮಾತ್ರ ಒಂದು ವರ್ಷದವರೆಗೆ ನಾಲಿಗೆಗೆ ಸವರೋದೂ ಬೇಡ. ಪುಟ್ಟ ಮಕ್ಕಳಿಗೆ ಅದರಿಂದ ಬೊಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು. ಒಂದು ವರ್ಷದ ತನಕ ಉಪ್ಪು ಸಕ್ಕರೆಯೂ ಬೇಡ.

ಹೈಚೇರ್ ಬೇಕೇ ಬೇಕಾ?

ಬೇಡ. ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏನೂ ನಷ್ಟ ಇಲ್ಲ. ಬೇಕಾದ್ದು ಮೂರೇ. ಮಗು ನೆಟ್ಟಗೆ ಕೂತಿರಬೇಕು, ಕತ್ತು ನಿಲ್ಲಬೇಕು, ದಿನಾ ಅದೇ ಜಾಗ ಆಗಿರಬೇಕು. ದೊಡ್ಡವಳು ಕಲಿತದ್ದು ಅಡುಗೆಮನೆ ಬಾಗಿಲ ಪಕ್ಕದ ಮೂಲೆಯಲ್ಲಿ. ನಾನು ಚಕ್ಕಳಮಕ್ಕಳ ಹಾಕಿ ಕೂತು, ಅವಳನ್ನು ಮಡಿಲಲ್ಲಿ ಮುಂದಕ್ಕೆ ಮುಖ ಮಾಡಿ ಕೂರಿಸಿಕೊಂಡು, ಎದುರಿಗೆ ಸ್ಟೀಲ್ ತಟ್ಟೆ ಇಡುತ್ತಿದ್ದೆ. ಜಾಗ ಒಂದೇ ಆದರೆ ಗಲೀಜೂ ಒಂದೇ ಕಡೆ ಇರುತ್ತದೆ. ಸೋಫಾ ಮೇಲೆ ಒಂದು ತುತ್ತು, ಹಾಸಿಗೆ ಮೇಲೆ ಒಂದು ತುತ್ತು ಅಂದರೆ ಒರೆಸಿ ಪೂರೈಸೋದಿಲ್ಲ.

ಹೈಚೇರ್ ಇದ್ದರೆ ಬೆಲ್ಟ್ ಹಾಕದೆ ಕೂರಿಸಬೇಡಿ, ಪಕ್ಕದಿಂದ ಎದ್ದು ಹೋಗಬೇಡಿ. ಮೆತ್ತೆ ಕಮ್ಮಿ, ಸಂದುಗೊಂದು ಕಮ್ಮಿ ಇರೋದನ್ನೇ ತೆಗೆದುಕೊಳ್ಳಿ. ಬಟ್ಟೆಯ ಮೆತ್ತೆಯ ಹೊಲಿಗೆ ಸಂದಿಗೆ ಹೋದ ರಾಗಿ ಸರಿ ತೆಗೆಯೋದು ದೊಡ್ಡ ಕೆಲಸ.

ಇನ್ನೊಂದು ಮಾತು. ಕಾಲು ಚಾಚಿ ಮಗುವನ್ನು ಅದರ ಮೇಲೆ ಮಲಗಿಸಿ, ಒಳಲೆಯಲ್ಲಿ ಬಾಯಿಗೆ ಸುರಿಯೋದು ಎಷ್ಟೋ ಮನೆಗಳಲ್ಲಿ ಈಗಲೂ ಇದೆ. ಚೆಲ್ಲೋದಿಲ್ಲ ನಿಜ. ಆದರೆ ಮಲಗಿದ ಮಗುವಿಗೆ ಸರಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೂಗು ಹಿಡಿದು ನುಂಗಿಸೋದಂತೂ ಖಂಡಿತ ಬೇಡ. ಹಿರಿಯರು ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಇದಕ್ಕೆ ಮಾತ್ರ ಬೇಡ ಅನ್ನಲೇಬೇಕು.

ಕೆಳಗೆ ಏನು ಹಾಸಬೇಕು?

ಮಗು ಹುಟ್ಟಿದಾಗ ತಂದ ರಬ್ಬರ್ ಶೀಟ್ ಇದೆ ಅಲ್ವಾ? ಅದೇ. ಊಟವಾದ ಮೇಲೆ ನಾಲ್ಕು ಮೂಲೆ ಎತ್ತಿ, ಅನ್ನವನ್ನು ನಡುವೆ ಒಟ್ಟು ಮಾಡಿ, ಬಚ್ಚಲಿಗೆ ಒಯ್ದು ತೊಳೆದರೆ ಮುಗಿಯಿತು. ಅದರ ಮೇಲೆ ಹಳೇ ಪಂಚೆ ಹಾಸಿದರೆ ಸಾರು ಹರಿಯೋದಿಲ್ಲ, ಮಗುವೂ ಜಾರೋದಿಲ್ಲ.

ನ್ಯೂಸ್‌ಪೇಪರ್ ಹಾಸಬೇಡಿ. ಬಿದ್ದದ್ದನ್ನು ಮಗು ಹೆಕ್ಕಿ ತಿನ್ನುತ್ತದೆ, ಒದ್ದೆಯಾದ ಪೇಪರಿನ ಶಾಯಿ ಅದರ ಜೊತೆ ಬಾಯಿಗೆ ಹೋಗುತ್ತದೆ.

ರೆಡ್ ಆಕ್ಸೈಡ್ ನೆಲ ಇರೋರು ಪುಣ್ಯವಂತರು, ಒಂದು ಸಲ ಒರೆಸಿದರೆ ಸಾಕು. ಟೈಲ್ಸ್ ಸಂದಿಯಲ್ಲಿ ರಾಗಿ ಕೂತರೆ ಹಳೇ ಹಲ್ಲುಜ್ಜೋ ಬ್ರಷ್ ಬೇಕಾಗುತ್ತದೆ. ಮಾರ್ಬಲ್ ಮೇಲೆ ಅರಿಶಿನ ಬಿದ್ದರೆ ಆಗಲೇ ಒರೆಸಿ. ಅದಕ್ಕೆ ನಿಂಬೆಹಣ್ಣು ಉಜ್ಜಬೇಡಿ, ಹುಳಿ ಮಾರ್ಬಲ್ಲನ್ನೇ ತಿನ್ನುತ್ತದೆ.

ಮಗುವಿಗೆ ಯಾವ ಬಟ್ಟೆ ಹಾಕಿ ಊಟಕ್ಕೆ ಕೂರಿಸಬೇಕು?

ಸೆಖೆಗಾಲದಲ್ಲಿ ಬಟ್ಟೆಯೇ ಬೇಡ, ಚಡ್ಡಿ ಸಾಕು. ಮೈ ಒರೆಸೋದು ಅಂಗಿ ಒಗೆಯೋದಕ್ಕಿಂತ ಸುಲಭ. ಚಳಿಗಾಲಕ್ಕೆ ಅಣ್ಣಂದೋ ಅಕ್ಕಂದೋ ಹಳೇ ಅಂಗಿಯನ್ನು ಹಿಂದುಮುಂದಾಗಿ ಹಾಕಿ. ಬಿಬ್ ಕೊಳ್ಳೋದಾದರೆ ಕೆಳಗೆ ಜೇಬಿನ ಹಾಗೆ ಮಡಿಚಿದ ಸಿಲಿಕೋನ್ ಬಿಬ್ ಎರಡು ಇದ್ದರೆ ಸಾಕು. ಚೆಲ್ಲಿದ್ದರಲ್ಲಿ ಒಂದಷ್ಟು ಆ ಜೇಬಿಗೆ ಬೀಳುತ್ತದೆ, ನಲ್ಲಿ ಕೆಳಗೆ ಹಿಡಿದರೆ ಶುಚಿ. ನೀವೂ ಅಷ್ಟೇ. ಆಫೀಸಿನ ಬಟ್ಟೆ ಹಾಕಿಕೊಂಡ ಮೇಲೆ ತಿನ್ನಿಸೋಕೆ ಕೂರಬೇಡಿ. ಬಟ್ಟೆಯ ಚಿಂತೆ ತಲೆಯಲ್ಲಿದ್ದರೆ ಮಗುವಿನ ಮೇಲೆ ಸಿಡುಕು ಬರುತ್ತದೆ.

ನಮ್ಮ ಮನೆಯಲ್ಲಿ ಬೆಳಗಿನ ಸರಿ ಸ್ನಾನಕ್ಕಿಂತ ಮೊದಲು. ತಿಂದು ಅರ್ಧ ಗಂಟೆ ಆಡಿಕೊಂಡ ಮೇಲೆ ಅತ್ತೆ ಎಣ್ಣೆ ಹಚ್ಚಿ ನೀರು ಹಾಕುತ್ತಾರೆ. ಕಿವಿ ಹಿಂದೆ, ಕತ್ತಿನ ಮಡಿಕೆಯಲ್ಲಿ, ತಲೆಗೂದಲಲ್ಲಿ ಸೇರಿದ್ದೆಲ್ಲ ಒಟ್ಟಿಗೆ ಹೋಗುತ್ತದೆ.

ಸರಿಯನ್ನು ನೀರಾಗಿ ಮಾಡಿದರೆ ಸಲೀಸಾಗಿ ಇಳಿಯುತ್ತೆ ಅಲ್ವಾ?

ಇಳಿಯುತ್ತದೆ. ಆದರೆ ಚೆಲ್ಲೋದೂ ಜಾಸ್ತಿ, ಹೊಟ್ಟೆಗೆ ಬರೀ ನೀರು. ಮಗುವಿನ ಹೊಟ್ಟೆ ಚಿಕ್ಕದು. ತೆಳು ಸರಿಯಲ್ಲೇ ಅದು ತುಂಬಿಬಿಟ್ಟರೆ ಸತ್ವ ಎಲ್ಲಿಂದ ಬರಬೇಕು? ಚಮಚ ವಾಲಿಸಿದರೆ ಸರಿ ಸುರಿಯಬಾರದು, ಚಮಚದಲ್ಲೇ ನಿಲ್ಲಬೇಕು. ಅದೇ ಹದ.

ಗಟ್ಟಿಯಾದರೆ ಗಂಟಲಿಗೆ ಅಂಟುತ್ತದೆ ಅನ್ನೋರು ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಬಳಸಿ. ಮೊಳಕೆ ಬಂದಾಗ ಕಾಳಿನ ಒಳಗೇ ಹಿಟ್ಟನ್ನು ಸಡಿಲ ಮಾಡುವ ಕಿಣ್ವ ಹುಟ್ಟುತ್ತದೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಸರಿ ಮುದ್ದೆಗಟ್ಟದೆ ನಯವಾಗಿ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಂಥದ್ದನ್ನು ನೀರು ಮಾಡಿ ಕೊಡೋಕೆ ನನಗೆ ಮನಸ್ಸು ಬರೋದಿಲ್ಲ.

ಕೈಗೆ ಕೊಡೋಕೆ ನನ್ನ ಆಯ್ಕೆ ತುಪ್ಪ ಸವರಿದ ಮೆತ್ತನೆ ಇಡ್ಲಿ. ಉದ್ದುದ್ದ ತುಂಡು ಮಾಡಿದರೆ ಮುಷ್ಟಿಯ ಆಚೆಗೂ ಸ್ವಲ್ಪ ಉಳಿಯುತ್ತದೆ, ಅದನ್ನು ಮಗು ಚೀಪುತ್ತದೆ. ಬೇಯಿಸಿದ ಗೆಣಸು, ಸಿಹಿಕುಂಬಳ, ಕ್ಯಾರೆಟ್ ಕೂಡ ಹೀಗೇ. ಹುಬ್ಬಳ್ಳಿಯ ನನ್ನ ಗೆಳತಿ ಜೋಳದ ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ನೆನೆಸಿ ಕೊಡುತ್ತಾಳೆ. ಮಂಗಳೂರಿನ ಕಡೆಯವರ ರಾಗಿ ಮಣ್ಣಿ ತಣಿದ ಮೇಲೆ ತುಂಡಾಗಿ ಎದ್ದು ಬರುವುದರಿಂದ ಸರಿಗಿಂತ ಕಡಿಮೆ ಮೆತ್ತಿಕೊಳ್ಳುತ್ತದೆ.

ಕಲೆ ಹೋಗ್ತಾ ಇಲ್ಲ. ಏನು ಮಾಡಲಿ?

ಒಂದೊಂದು ಕಲೆಗೂ ಒಂದೊಂದು ಗುಣ. ಎಲ್ಲಕ್ಕೂ ಬಿಸಿನೀರು ಸೋಪು ಅಂತ ಹೋದರೆ ಕೆಲವು ಇನ್ನೂ ಗಟ್ಟಿಯಾಗಿ ಕೂರುತ್ತವೆ.

ಅರಿಶಿನ: ಬೇಳೆ ಅನ್ನದ ಹಳದಿ ಕಲೆಗೆ ಸೋಪು ಉಜ್ಜಿದ ಕೂಡಲೇ ಕೆಂಪಾಗುತ್ತದೆ. ಗಾಬರಿ ಬೇಡ. ಆರತಿಯ ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಗಾಗುತ್ತದಲ್ಲ, ಅದೇ ಇದು. ಸೋಪಿನಲ್ಲೂ ಕ್ಷಾರ ಇದೆ. ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಉಳಿದ ಹಳದಿಗೆ ಔಷಧಿ ಬಿಸಿಲು. ಒದ್ದೆ ಬಟ್ಟೆಯನ್ನು ಕಲೆ ಮೇಲೆ ಬರುವ ಹಾಗೆ ಹರವಿ. ಮೈಸೂರಿನ ಮಾರ್ಚಿ ಬಿಸಿಲಿಗೆ ಒಂದು ದಿನ ಸಾಕು, ಮಳೆಗಾಲದಲ್ಲಿ ಮೂರು ನಾಲ್ಕು ದಿನ ಬೇಕು. ಅರಿಶಿನದ ಬಣ್ಣ ಬೆಳಕಿಗೆ ತಡೆಯೋದಿಲ್ಲ.

ಬಾಳೆಹಣ್ಣು, ಸಪೋಟ: ಇವು ಮೋಸದ ಕಲೆಗಳು. ಬಿದ್ದಾಗ ಕಾಣೋದೇ ಇಲ್ಲ. ಗಾಳಿ ತಾಗಿ ಒಣಗುತ್ತಾ ಕಂದು ಬಣ್ಣಕ್ಕೆ ತಿರುಗುತ್ತವೆ, ಆಮೇಲೆ ಜಪ್ಪಯ್ಯ ಅಂದರೂ ಹೋಗೋದಿಲ್ಲ. ಹಣ್ಣು ತಿನ್ನಿಸಿದ ಅಂಗಿಯನ್ನು ಆಗಿಂದಾಗಲೇ ತಣ್ಣೀರಿನಲ್ಲಿ ನೆನೆಹಾಕಿ.

ಮೊಟ್ಟೆ, ಹಾಲು, ಮೊಸರು: ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ಮೊಟ್ಟೆ ಬಟ್ಟೆಯ ಎಳೆಯಲ್ಲೇ ಬೆಂದು ಕೂರುತ್ತದೆ.

ತುಪ್ಪ: ಇದಕ್ಕೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪು. ಕಡಲೆಹಿಟ್ಟು ಉದುರಿಸಿ ಹತ್ತು ನಿಮಿಷ ಬಿಟ್ಟರೆ ಜಿಡ್ಡು ಹೀರಿಕೊಳ್ಳುತ್ತದೆ.

ರಾಗಿ ಸರಿ: ಒಣಗಿದರೆ ಅಂಟಿನ ಹಾಗೆ. ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಅದರ ಮೇಲೆ ಕಾಲು ಗಂಟೆ ಹಾಕಿಡಿ, ಅದಾಗಿಯೇ ಏಳುತ್ತದೆ. ಗೋಡೆಗೂ ಇದೇ ಉಪಾಯ.

ಬೀಟ್‌ರೂಟ್ ನೋಡೋಕೆ ಭಯಂಕರ, ಆದರೆ ಬಣ್ಣ ನೀರಿನಲ್ಲಿ ಕರಗುತ್ತದೆ. ಬೇಗ ಜಾಲಿಸಿದರೆ ಹೋಗುತ್ತದೆ. ಮಾರನೇ ದಿನ ಮಗುವಿನ ಕಕ್ಕ ಕೆಂಪಗಿದ್ದರೆ ಹಿಂದಿನ ದಿನ ಬೀಟ್‌ರೂಟ್ ಕೊಟ್ಟಿದ್ದಿರಾ ಅಂತ ನೆನಪು ಮಾಡಿಕೊಳ್ಳಿ. ಕೊಟ್ಟಿರದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣಾಂಶದ ಸಿರಪ್ ಚೆಲ್ಲಿದರೂ ಕಲೆಯಾಗುತ್ತದೆ. ವಾರಕ್ಕೆ ಎರಡು ಸಲ 1 ಮಿಲೀ ಅಷ್ಟೇ. ಹಳೇ ಬಟ್ಟೆ ಹಾಕಿರುವಾಗಲೇ ಕೊಡಿ, ಕಲೆಗೆ ಹೆದರಿ ಮಾತ್ರ ತಪ್ಪಿಸಬೇಡಿ. ಹಾಗೇ ನಾಮಕರಣಕ್ಕೆ ಬಂದ ಬೆಳ್ಳಿ ಬಟ್ಟಲು ಚಮಚದಲ್ಲಿ ಮೊಟ್ಟೆ ಕೊಡಬೇಡಿ. ಮೊಟ್ಟೆಯ ಗಂಧಕ ತಾಗಿ ಬೆಳ್ಳಿ ಕಪ್ಪಾಗುತ್ತದೆ.

ಅನ್ನ ಚೆಲ್ಲಬಾರದು, ಮನೆಯೆಲ್ಲ ಮುಸುರೆ ಅಂತ ಅತ್ತೆ ಬೇಜಾರು ಮಾಡ್ಕೋತಾರೆ. ಏನು ಹೇಳಲಿ?

ಈ ಪ್ರಶ್ನೆಗೆ ಸುಮ್ನೆ ಒಂದು ಮಾತಿನ ಉತ್ತರ ಕೊಡೋಕೆ ಆಗೋದಿಲ್ಲ.

ಅವರ ಬೇಜಾರು ಸುಳ್ಳಲ್ಲ. ನಮ್ಮತ್ತೆ ಹುಟ್ಟಿದ್ದು ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಅವರ ಬಾಲ್ಯದಲ್ಲಿ ಅನ್ನ ಹಬ್ಬಕ್ಕೆ, ಮುದ್ದೆ ದಿನಕ್ಕೆ. ನೆಲದ ಮೇಲೆ ಒಂದು ಅಗುಳು ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಂಡವರು ಅವರು. ಅಂಥವರ ಎದುರಿಗೆ ಮಗು ತಟ್ಟೆಯನ್ನೇ ಬೋರಲು ಹಾಕಿದರೆ ಕರುಳು ಚುರುಕ್ ಅನ್ನದೆ ಇರುತ್ತದಾ? ಮೊದಲ ತಿಂಗಳು ನಮ್ಮಿಬ್ಬರಿಗೂ ಇದೇ ವಿಷಯಕ್ಕೆ ಮಾತು ನಿಂತಿತ್ತು.

ದಾರಿ ಸಿಕ್ಕಿದ್ದು ತಟ್ಟೆಯಲ್ಲಿ. ಒಂದು ಬಟ್ಟಲು ಅನ್ನವನ್ನು ಒಟ್ಟಿಗೆ ಸುರಿಯೋದು ಬಿಟ್ಟೆ. ಮಗುವಿನ ತಟ್ಟೆಗೆ ಒಂದು ಚಮಚ ಅನ್ನ ಮಾತ್ರ. ಅದು ಮುಗಿದರೆ ಇನ್ನೊಂದು. ಉಳಿದದ್ದು ನನ್ನ ಬಟ್ಟಲಲ್ಲೇ ಇರುತ್ತದೆ, ಎಂಜಲಾಗಿರೋದಿಲ್ಲ, ಅದನ್ನು ನಾವು ಊಟ ಮಾಡಬಹುದು. ಚೆಲ್ಲಿದರೂ ಚೆಲ್ಲೋದು ಒಂದು ಚಮಚ. ಶೀಟ್ ಮೇಲಿಂದ ಬಾಚಿದ್ದನ್ನು ಅತ್ತೆ ಕಾಂಪೌಂಡ್ ಮೇಲೆ ಇಡುತ್ತಾರೆ, ಕಾಗೆ ಅಳಿಲು ಕಾದಿರುತ್ತವೆ. ಉಪ್ಪು ಖಾರ ಇಲ್ಲದ ಅನ್ನ ಅಲ್ವಾ, ಅವಕ್ಕೂ ಆಗುತ್ತದೆ.

ಮುಸುರೆಗೂ ಹೀಗೇ ಗೆರೆ ಹಾಕಿಕೊಂಡೆವು. ಊಟ ಆ ಮೂಲೆಯಲ್ಲಿ ಮಾತ್ರ, ಕೈ ತೊಳೆಯದೆ ಮಗುವನ್ನು ಅಲ್ಲಿಂದ ಎತ್ತೋದಿಲ್ಲ, ದೇವರ ಮನೆ ಕಡೆ ಬಿಡೋದಿಲ್ಲ. ಈಗ ಮಗ ತಟ್ಟೆಯಿಂದ ತಾನೇ ಎತ್ತಿ ತಿಂದಾಗ ಮೊದಲು ಚಪ್ಪಾಳೆ ತಟ್ಟೋದು ಅತ್ತೆಯೇ.

ಎಡಗೈ ಬಗ್ಗೆಯೂ ಹಿರಿಯರಿಗೆ ಚಿಂತೆ. ಈ ವಯಸ್ಸಿನ ಮಕ್ಕಳು ಎರಡೂ ಕೈ ಬಳಸುತ್ತಾರೆ. ಯಾವ ಕೈ ಮುಂದು ಅಂತ ನಿಲ್ಲೋದಕ್ಕೆ ಎರಡು ವರ್ಷವಾದರೂ ದಾಟಬೇಕು. ಕೈ ಹಿಡಿದು ಬಿಡಿಸಬೇಡಿ, ಎರಡೂ ಕೈ ಸೋಪು ಹಾಕಿ ತೊಳೆದು ಕೂರಿಸಿ.

ನಾನೇ ತಿನ್ನಿಸಿಬಿಟ್ಟರೆ ಆಗಲ್ವಾ? ಬೇಗ ಮುಗಿಯುತ್ತೆ.

ಎಲ್ಲ ಊಟಕ್ಕೂ ಮಗುವನ್ನೇ ಬಿಡಬೇಕು ಅಂತ ನಾನು ಹೇಳೋದಿಲ್ಲ. ಬೇಬಿ ಲೆಡ್ ವೀನಿಂಗ್ ಅಂತ ಪೂರ್ತಿ ಮಗುವಿನ ಕೈಗೇ ಬಿಡುವವರಿದ್ದಾರೆ. ನನಗೆ ಹಿಡಿಸಿದ್ದು ಎರಡು ಚಮಚದ ಪದ್ಧತಿ. ಒಂದು ಚಮಚ ಮಗುವಿನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವನು ತನ್ನದನ್ನು ತಲೆಗೆ ಉಜ್ಜಿಕೊಳ್ಳುವಾಗ ನನ್ನದು ಬಾಯಿಗೆ. ಹೊಟ್ಟೆಯೂ ತುಂಬುತ್ತದೆ, ಕೈಯೂ ಕಲಿಯುತ್ತದೆ. ಸಮಯ ಇರುವ ಒಂದು ಹೊತ್ತಿನ ಊಟವನ್ನು ಪೂರ್ತಿ ಅವನಿಗೇ ಬಿಡುತ್ತೇನೆ. ಆಫೀಸಿಗೆ ಹೊರಡುವ ಬೆಳಗ್ಗೆ ಅಲ್ಲ.

ಬಾಯಿ ಮುಚ್ಚಿದರೆ, ಮುಖ ತಿರುಗಿಸಿದರೆ ಸಾಕು ಅಂತ ಅರ್ಥ. ಒಂದು ಹೊಸ ರುಚಿ ಒಗ್ಗೋಕೆ ಎಂಟು ಹತ್ತು ಸಲವಾದರೂ ಕೊಟ್ಟು ನೋಡಬೇಕು. ಇವತ್ತು ಉಗಿದ ಹೀರೇಕಾಯಿಯನ್ನು ಹದಿನೈದು ದಿನ ಬಿಟ್ಟು ತಿನ್ನಬಹುದು.

ನಡುನಡುವೆ ಮುಖ ಒರೆಸ್ತಾ ಇರಬೇಕಾ?

ಬೇಡ. ಪ್ರತಿ ತುತ್ತಿಗೂ ಚಮಚದ ಅಂಚಿನಿಂದ ಗಲ್ಲ ಕೆರೆದು ಬಾಯಿಗೆ ತುರುಕೋದನ್ನು ನಾನೂ ಮಾಡುತ್ತಿದ್ದೆ. ಮಗಳು ಚಮಚ ಕಂಡರೆ ಮುಖ ತಿರುಗಿಸೋಕೆ ಶುರು ಮಾಡಿದಳು. ಒರೆಸೋದು ಕೊನೆಗೆ ಒಂದೇ ಸಲ ಇರಲಿ. ಹಳೇ ಕಾಟನ್ ಸೀರೆಯ ತುಂಡನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿ, ಮೊದಲು ಕೈ, ಆಮೇಲೆ ಬಾಯಿ. ಕೈ ಬಿಡಿಸುವಾಗ ಮುಷ್ಟಿಯ ಒಳಗೂ ನೋಡಿ, ಅಂಗೈ ಗೆರೆಯಲ್ಲಿ ಅನ್ನ ಕೂತಿರುತ್ತದೆ.

ಬಾಯಿ ಸುತ್ತ ಕೆಂಪಾಗೋದು ಬಹಳ ಸಲ ಜೊಲ್ಲು, ಟೊಮೆಟೊ, ಹುಳಿಹಣ್ಣು ತಾಗಿ. ಊಟಕ್ಕೆ ಮೊದಲು ತುಟಿ ಸುತ್ತ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಕಡಿಮೆಯಾಗುತ್ತದೆ. ಮೈಮೇಲೆ ದದ್ದು ಎದ್ದರೆ, ತುಟಿ ಕಣ್ಣು ಊದಿದರೆ, ಮೇಲಿಂದ ಮೇಲೆ ವಾಂತಿಯಾದರೆ ಅದು ಬೇರೆ, ಅಲರ್ಜಿ ಇರಬಹುದು. ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಚಮಚ ಕೊಟ್ಟಷ್ಟೂ ಸಲ ಕೆಳಗೆ ಎಸೀತಾನೆ. ಹಠಾನಾ?

ಹಠ ಅಲ್ಲ. ಎಂಟು ಒಂಬತ್ತು ತಿಂಗಳಿಗೆ ಎಲ್ಲ ಮಕ್ಕಳೂ ಮಾಡುತ್ತಾರೆ. ಬಿಟ್ಟರೆ ಬೀಳುತ್ತದೆ, ಠಣ್ ಅನ್ನುತ್ತದೆ, ಅಮ್ಮ ಬಗ್ಗಿ ಎತ್ತಿಕೊಡುತ್ತಾಳೆ. ಪ್ರತಿ ಸಲವೂ ಹಾಗೇ ಆಗುತ್ತಾ ಅಂತ ಮಗು ನೋಡುತ್ತಿರುತ್ತದೆ. ಎರಡು ಸಲ ಎತ್ತಿಕೊಡಿ. ಮೂರನೇ ಸಲಕ್ಕೆ ಬೈಯದೆ, ನಗದೆ ಚಮಚ ಪಕ್ಕಕ್ಕಿಡಿ. ಅನ್ನವನ್ನೂ ಬೇಕಂತಲೇ ಎಸೆಯುತ್ತಿದ್ದರೆ ಹೊಟ್ಟೆ ತುಂಬಿದೆ ಅಂತ ತಿಳಿದು ತಟ್ಟೆ ಎತ್ತಿಬಿಡಿ. ಊಟ ಅರ್ಧ ಗಂಟೆ ಮೀರೋದು ಬೇಡ.

ಮೊಬೈಲ್ ತೋರಿಸಿದರೆ ಅಲ್ಲಾಡದೆ ತಿನ್ನುತ್ತೆ. ತಪ್ಪಾ?

ಗಲೀಜಾಗೋದಿಲ್ಲ, ಒಪ್ಪುತ್ತೇನೆ. ಆದರೆ ಆ ಮಗು ಊಟ ಕಲಿಯುತ್ತಿಲ್ಲ, ಬಾಯಿ ತೆರೆಯುತ್ತಿದೆ ಅಷ್ಟೇ. ಹೊಟ್ಟೆ ತುಂಬಿದ್ದೂ ಗೊತ್ತಾಗೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅಂದಿದೆ.

ಓಕರಿಸಿದರೆ ಎದೆ ಝಲ್ ಅನ್ನುತ್ತೆ. ಗಂಟಲಿಗೆ ಸಿಕ್ಕಿಕೊಂಡಿದೆ ಅಂತ ಹೇಗೆ ಗೊತ್ತಾಗೋದು?

ಓಕರಿಕೆಗೆ ಸದ್ದಿರುತ್ತದೆ. ಮಗು ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ನಾಲಿಗೆ ಆಚೆ ಬರುತ್ತದೆ, ತುತ್ತು ಮುಂದಕ್ಕೆ ಬರುತ್ತದೆ. ಆಗ ಬೆನ್ನು ಗುದ್ದಬೇಡಿ, ಬಾಯಿಗೆ ಬೆರಳು ಹಾಕಬೇಡಿ, ಬಗ್ಗಿ ಉಗುಳೋಕೆ ಬಿಡಿ.

ನಿಜವಾಗಿ ಸಿಕ್ಕಿಕೊಂಡರೆ ಸದ್ದೇ ಇರೋದಿಲ್ಲ. ಅಳು ಬರೋದಿಲ್ಲ, ಕೆಮ್ಮು ಬರೋದಿಲ್ಲ, ತುಟಿ ನೀಲಿಗಟ್ಟುತ್ತದೆ. ಒಂದು ವರ್ಷದೊಳಗಿನ ಮಗುವಾದರೆ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಎದೆಗಿಂತ ಕೆಳಗಿರಲಿ, ಎರಡು ಹೆಗಲಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಹೊಡೆಯಬೇಕು. ಆಗಲೂ ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವಿನ ಮೂಳೆಯ ಮೇಲೆ 5 ಸಲ ಒತ್ತಬೇಕು. ಆಚೆ ಬರುವ ತನಕ ಹೀಗೇ ಒಂದಾದ ಮೇಲೆ ಒಂದು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಓದಿದರೆ ಸಾಲದು. ಲಸಿಕೆಗೆ ಹೋದಾಗ ನರ್ಸ್ ಹತ್ತಿರ ಮಾಡಿ ತೋರಿಸಿ ಅಂತ ಕೇಳಿ. ನಾನು ಕೇಳಿದಾಗ ಸಂತೋಷದಿಂದ ತೋರಿಸಿದರು.

ಕಡಲೆಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್, ಕೊಬ್ಬರಿ ಚೂರು, ಪಾಪ್‌ಕಾರ್ನ್ ಕೊಡಲೇಬೇಡಿ. ಊಟದ ಜಾಗದ ಹತ್ತಿರ ತಾತನ ಅಡಿಕೆ ಚೂರು ಬಿದ್ದಿದೆಯಾ ಅಂತಲೂ ನೋಡಿ. ಮಗು ಅನ್ನದ ಜೊತೆ ಅದನ್ನೂ ಹೆಕ್ಕುತ್ತದೆ.

ಊಟ ಆದ ಹತ್ತು ನಿಮಿಷಕ್ಕೆ ಇರುವೆ ಸಾಲು. ಏನು ಹಾಕಲಿ?

ಇರುವೆ ಚಾಕ್‌ಪೀಸ್, ಪುಡಿ ಯಾವುದೂ ಬೇಡ. ಅವು ವಿಷ, ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆ. ಮಗು ಎದ್ದ ಕೂಡಲೇ ಮೊದಲು ಒಣ ಬಟ್ಟೆಯಲ್ಲಿ ಬಳಿದು ತೆಗೆಯಿರಿ, ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಸೋಪುನೀರಿನ ಬಟ್ಟೆ. ಇರುವೆಗಳು ವಾಸನೆಯ ಜಾಡು ಹಿಡಿದು ಬರುತ್ತವೆ, ಸೋಪುನೀರು ಆ ಜಾಡನ್ನು ಅಳಿಸುತ್ತದೆ. ಹೈಚೇರ್ ಇದ್ದರೆ ಕುರ್ಚಿ ಕಾಲುಗಳನ್ನೂ ಒರೆಸಿ.

ನೀರೇ ಇಲ್ಲದ ಕಡೆ ಇಷ್ಟೆಲ್ಲ ತೊಳೆಯೋದು ಹೇಗೆ?

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರ ಬಂದಾಗ ನನ್ನ ತಂಗಿಯ ಮಗುವಿಗೆ ಏಳು ತಿಂಗಳು. ಅವಳು ಮಾಡಿದ್ದು ಇಷ್ಟು: ಬೆಳಗ್ಗೆ ಒಣ ಊಟ, ಅಂದರೆ ಇಡ್ಲಿ, ಮೆತ್ತನೆ ದೋಸೆ, ಬೇಯಿಸಿದ ಗೆಣಸು. ಸರಿ, ಮೊಸರನ್ನ ಸಂಜೆ ಸ್ನಾನಕ್ಕೆ ಮುಂಚೆ ಒಂದೇ ಹೊತ್ತು. ಮಗು ಮಿಂದ ನೀರನ್ನು ಬಕೆಟ್‌ನಲ್ಲಿ ಹಿಡಿದು ಅದರಲ್ಲೇ ರಬ್ಬರ್ ಶೀಟ್ ತೊಳೆದು, ನೆಲ ಒರೆಸುತ್ತಿದ್ದಳು. ಮಗುವಿನ ಕೈ, ಬಟ್ಟಲು, ಚಮಚಕ್ಕೆ ಮಾತ್ರ ಒಳ್ಳೆ ನೀರು. ಅದರಲ್ಲಿ ಉಳಿತಾಯ ಮಾಡಬೇಡಿ, ಭೇದಿಗೆ ದಾರಿ ಅದೇ.

ಮದುವೆಮನೆ, ಬಸ್ಸು, ಬೇರೆಯವರ ಮನೆ?

ಅಲ್ಲಿ ಕಲಿಸೋಕೆ ಹೋಗಬೇಡಿ, ನೀವೇ ತಿನ್ನಿಸಿ. ಇಡ್ಲಿ, ಪುಟ್ಟಬಾಳೆ ಹಣ್ಣು, ಎರಡು ಒದ್ದೆ ಬಟ್ಟೆ, ಒಂದು ಪ್ಲಾಸ್ಟಿಕ್ ಕವರ್ ಸಾಕು. ರೇಷ್ಮೆ ಸೀರೆ ಉಟ್ಟಿದ್ದರೆ ಮಗುವಿಗೆ ಅದರ ಅಪ್ಪ ತಿನ್ನಿಸಲಿ.

ನಾವಿರೋದು ಹೊರದೇಶದಲ್ಲಿ. ಬಾಡಿಗೆ ಮನೆ ತುಂಬ ಕಾರ್ಪೆಟ್. ಬಿಸಿಲೂ ಇಲ್ಲ.

ಊಟದ ಜಾಗವನ್ನು ಅಡುಗೆಮನೆಗೆ ತನ್ನಿ, ಅಲ್ಲಿ ಸಾಮಾನ್ಯವಾಗಿ ಕಾರ್ಪೆಟ್ ಇರೋದಿಲ್ಲ. ಆಗದಿದ್ದರೆ ಟೇಬಲ್‌ಗೆ ಹಾಸುವ ದೊಡ್ಡ ಪ್ಲಾಸ್ಟಿಕ್ ಹೊದಿಕೆಯನ್ನು ಕುರ್ಚಿ ಸುತ್ತ ಒಂದು ಮಾರು ಹಾಸಿ. ಕಾರ್ಪೆಟ್ ಮೇಲೆ ಬೇಳೆ ಬಿದ್ದರೆ ಉಜ್ಜಬೇಡಿ, ಒಣ ಬಟ್ಟೆಯಿಂದ ಒತ್ತಿ ಹೀರಿಸಿ. ಅರಿಶಿನ ಹಾಕದೆಯೂ ಬೇಳೆ ಬೇಯುತ್ತದೆ, ಒಂದು ವರ್ಷ ಹಾಗೇ ಮಾಡಿದರೆ ಏನೂ ಕೊರತೆಯಾಗೋದಿಲ್ಲ. ಕಲೆಯಾದ ಬಟ್ಟೆಯನ್ನು ಬೆಳಕು ಬರುವ ಕಿಟಕಿಗೆ ಒದ್ದೆಯಾಗಿಯೇ ನೇತುಹಾಕಿ. ನಿಧಾನವಾಗುತ್ತದೆ, ಆದರೆ ಮಾಸುತ್ತದೆ.

ದಿನಕ್ಕೆ ಮೂರು ಸಲ ಇದನ್ನೆಲ್ಲ ಒರೆಸಿ ಅಳು ಬರುತ್ತೆ. ನಾನೊಬ್ಬಳೇ ಹೀಗಾ?

ನೀವೊಬ್ಬರೇ ಅಲ್ಲ. ರಾತ್ರಿ ನಿದ್ದೆ ಇಲ್ಲ, ಹಾಲು ಕೊಡಬೇಕು, ಅಡುಗೆ ಬೇರೆ, ಅದರ ಮೇಲೆ ಇದು. ಮಗಳ ಸಮಯದಲ್ಲಿ ನಾನೂ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ಅತ್ತಿದ್ದೇನೆ. ಆಗ ನನ್ನ ಗಂಡ ಪಕ್ಕದ ರೂಮಿನಲ್ಲಿದ್ದರು. ಅವರಿಗೆ ಗೊತ್ತೇ ಆಗಿರಲಿಲ್ಲ, ನಾನೂ ಹೇಳಿರಲಿಲ್ಲ.

ಎರಡನೆಯವನಿಗೆ ಮೊದಲೇ ಮಾತಾಡಿಕೊಂಡೆವು. ತಿನ್ನಿಸಿದವರು ಒರೆಸೋದಿಲ್ಲ. ನಾನು ತಿನ್ನಿಸಿದರೆ ಶೀಟ್, ನೆಲ, ಬಟ್ಟಲು ಅವರದು. ಅವರು ತಿನ್ನಿಸಿದರೆ ನನ್ನದು. ಮನೆಗೆಲಸಕ್ಕೆ ಬರುವವರಿದ್ದರೆ ಒಣಗಿದ ಸರಿಯನ್ನು ಅವರಿಗಂತ ಬಿಡಬೇಡಿ. ನೆನೆಸಿಯಾದರೂ ಇಡಿ, ಅವರಿಗೂ ಬೆನ್ನಿದೆ.

ತೀರಾ ಆಗದ ದಿನ ಬಾಳೆಹಣ್ಣು ಕಿವುಚಿ ನೀವೇ ತಿನ್ನಿಸಿ, ಮಲಗಿಸಿ. ಒಂದು ದಿನದಲ್ಲಿ ಮಗು ಕಲಿತದ್ದನ್ನು ಮರೆಯೋದಿಲ್ಲ. ಆದರೆ ದಿನಾ ಅಳು ಬರುತ್ತಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಗಲೀಜಿನ ಮಾತಲ್ಲ. ಬಾಣಂತನದ ನಂತರದ ಖಿನ್ನತೆ ಇರಬಹುದು. ಮನೆಯವರಿಗೆ ಹೇಳಿ, ಡಾಕ್ಟರಿಗೆ ಹೇಳಿ. 14416 ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೂ ಎಷ್ಟು ದಿನ?

ಒಂದು ವರ್ಷದ ಹೊತ್ತಿಗೆ ಕೈಯಿಂದ ಬಾಯಿಗೆ ಗುರಿ ತಪ್ಪೋದು ಕಡಿಮೆಯಾಗುತ್ತದೆ. ಒಂದೂವರೆ ವರ್ಷಕ್ಕೆ ಚಮಚ ಒಂದು ಹದಕ್ಕೆ ಬರುತ್ತದೆ. ಎರಡಕ್ಕೆ ಬಹಳ ಮಕ್ಕಳು ತಾವೇ ತಿನ್ನುತ್ತಾರೆ, ಸ್ವಲ್ಪ ಚೆಲ್ಲುತ್ತಾರೆ. ಸರಿಯಾಗಿ ಕಲಸಿ ತುತ್ತು ಮಾಡೋದು ಬರೋಕೆ ಇನ್ನೂ ಸಮಯ ಬೇಕು. ನನ್ನ ಮಗಳು ಈಗ ಮೊಸರನ್ನವನ್ನು ಒಂದಗುಳು ಬೀಳಿಸದೆ ಉಣ್ಣುತ್ತಾಳೆ. ಸಾರನ್ನದ ದಿನ ಮಾತ್ರ ತಾನೇ ಹೋಗಿ ತಮ್ಮನ ರಬ್ಬರ್ ಶೀಟ್ ಎಳೆದುಕೊಂಡು ಬಂದು ಅದರ ಮೇಲೆ ಕೂರುತ್ತಾಳೆ.